ಲಸಿಕೆಯೂ ರಕ್ಷಣೆಯೂ
(ಉಪನ್ಯಾಸ)



ರೋಗಿಗಳ ಶುಶ್ರೂಷೆಯು ಕಾಯಕಗಳಲ್ಲೆಲ್ಲ ಕಠಿನವಾದುದೆಂಬುದು ಸರ್ವರಿಗೂ ತಿಳಿದ ಸಂಗತಿಯೇ ಆಗಿದೆ. ಉಳುವವನಿಗೆ ಮೈದಣಿವುಂಟು, ಕಲಿಸುವವನಿಗೆ ಕಂಠಶೋಷಣೆಯುಂಟು. ರೋಗಿಯ ಹಾಸಿಗೆಯ ಬಳಿ ನಿಲ್ಲುವವರಿಗಾದರೋ ದಣಿವಿನೊಡನೆ ಅಪಾಯವೂ ಉಂಟು. ಪರರ ರಕ್ತವು ತಮ್ಮ ಕೈಗೆ ತಗಲುವ ಕೆಲಸವದು. ಈ ನಾಡಿನ ಮಠಗಳು ಮೊದಲು ಅನ್ನವನ್ನೂ ಅಕ್ಷರವನ್ನೂ ಕೊಟ್ಟು, ಕಾಲಕ್ರಮದಲ್ಲಿ ವೈದ್ಯವಿದ್ಯೆಯನ್ನು ಕಲಿಸುವ ಭಾರವನ್ನೂ ಹೊತ್ತುಕೊಂಡವು. ಸುತ್ತೂರು ಶ್ರೀಮಠದ ಆಶ್ರಯದಲ್ಲಿರುವ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ತೆರೆದ ವೈದ್ಯಕೀಯ ಕಾಲೇಜು ಇದಕ್ಕೊಂದು ನಿದರ್ಶನವು. ಇಂದು ಭಕ್ತಾದಿಗಳ ಮನೆಗಳಲ್ಲಿ ಡಾಕ್ಟರಿಕೆಯನ್ನೋ, ದಾದಿಯ ಕೆಲಸವನ್ನೋ, ದಂತವೈದ್ಯವನ್ನೋ, ರಕ್ತಪರೀಕ್ಷೆಯ ಕೆಲಸವನ್ನೋ ಕಲಿಯುತ್ತಿರುವ ಮಗನಾಗಲಿ ಮಗಳಾಗಲಿ ಇರುವುದು ಅಪರೂಪವಲ್ಲ. ಆದಕಾರಣ ಅಂತಹ ಮಕ್ಕಳಿಗೆ ಸಂಬಂಧಪಟ್ಟ, ಮೇಲುನೋಟಕ್ಕೆ ಸಣ್ಣದಾಗಿ ತೋರಿದರೂ ಪರಿಣಾಮದಲ್ಲಿ ದೊಡ್ಡದಾದ ಒಂದು ವಿಷಯವು ಇಲ್ಲಿ ವಿಚಾರಕ್ಕೆ ಬಂದಿದೆ. ಹೆಪಟೈಟಿಸ್ ಬಿ ಎಂಬ ರೋಗಕ್ಕೆ ಪ್ರತಿಬಂಧಕವಾದ ಲಸಿಕೆಯನ್ನು ಕ್ರಮವಾಗಿ ಮೂರು ಸಲ ಹಾಕಿಸಿಕೊಂಡರೂ ಕೆಲವರ ದೇಹದಲ್ಲಿ ಅದರ ರಕ್ಷಣೆಯು ಹುಟ್ಟುವುದಿಲ್ಲ. ಅಂತಹ ವಿದ್ಯಾರ್ಥಿಗಳ ಸ್ಥಿತಿಯೇನು, ಅವರ ವಿಷಯದಲ್ಲಿ ವಿದ್ಯಾಸಂಸ್ಥೆಯೂ ಮನೆಯವರೂ ಮಾಡತಕ್ಕದ್ದೇನು ಎಂಬುದೇ ಪ್ರಕೃತ ವಿಷಯವು.

ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ಜನರು ಕಾಮಾಲೆಯೆಂದು ಕರೆಯುವುದು ಒಂದೇ ರೋಗವಲ್ಲ. ಅದು ಯಕೃತ್ತು ಕೆಟ್ಟಿದೆಯೆಂಬುದನ್ನು ತೋರಿಸುವ ಹಳದಿಯ ಗುರುತು ಮಾತ್ರ. ಯಕೃತ್ತನ್ನು ಕೆಡಿಸುವ ಕಾರಣಗಳು ಹಲವು. ಅವುಗಳೊಳಗೆ ಬಿ ಎಂಬ ಹೆಸರಿನ ವೈರಸ್ಸು ರಕ್ತದಿಂದಲೂ, ದೇಹದ ಕೆಲವು ದ್ರವಗಳಿಂದಲೂ, ಹೆರಿಗೆಯ ಕಾಲದಲ್ಲಿ ತಾಯಿಯಿಂದ ಶಿಶುವಿಗೂ ಹಬ್ಬುವುದು. ಜೊತೆಯಲ್ಲಿ ಕುಳಿತು ಉಂಡುದರಿಂದಾಗಲಿ, ಕೈಹಿಡಿದುದರಿಂದಾಗಲಿ, ಒಂದೇ ಮನೆಯಲ್ಲಿ ಮಲಗಿದುದರಿಂದಾಗಲಿ ಅದು ಬರುವುದಿಲ್ಲ. ಶೈಶವದಲ್ಲಿ ತಗಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಬಹುಕಾಲ ನೆಲೆಯೂರುವುದು. ಪ್ರಾಯದವರಿಗೆ ತಗಲಿದರೆ ನೂರರಲ್ಲಿ ಐವರಿಗಿಂತ ಕಡಿಮೆ ಜನರಲ್ಲಿ ಮಾತ್ರ ಹಾಗೆ ನೆಲೆಯೂರುವುದು. ನೆಲೆಯೂರಿದ ರೋಗವು ಹಲವು ವರುಷಗಳವರೆಗೆ ಯಾವ ಬಾಧೆಯನ್ನೂ ತೋರಿಸದೆ ಒಳಗೊಳಗೇ ಯಕೃತ್ತನ್ನು ಗಟ್ಟಿಮಾಡಿ, ಕೆಲವರಲ್ಲಿ ಕೊನೆಗೆ ಅರ್ಬುದಕ್ಕೂ ಕಾರಣವಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2022ರಲ್ಲಿ ಲೋಕದಲ್ಲಿ 25 ಕೋಟಿ 40 ಲಕ್ಷ ಜನರು ಈ ರೋಗವನ್ನು ದೇಹದಲ್ಲಿ ಹೊತ್ತಿದ್ದರು. ಅವರಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರು ಭಾರತದವರು. ಆ ಒಂದೇ ವರುಷದಲ್ಲಿ ಸುಮಾರು 11 ಲಕ್ಷ ಜನರು ಇದರಿಂದ ಮೃತರಾದರು.

ಆಸ್ಪತ್ರೆಯಲ್ಲಿ ದುಡಿಯುವವರಿಗೆ ಈ ರೋಗದ ಭಯವು ಏಕೆ ಹೆಚ್ಚೆಂಬುದು ಇದರಿಂದ ಊಹ್ಯವಾಗುವುದು. ರೋಗಿಗೆ ಚುಚ್ಚಿದ ಸೂಜಿಯು ಕೈತಪ್ಪಿ ದಾದಿಯ ಬೆರಳಿಗೆ ಚುಚ್ಚುವುದುಂಟು. ಆ ರೋಗಿಯ ರಕ್ತದಲ್ಲಿ ಈ ವೈರಸ್ಸು ಬಲವಾಗಿದ್ದು, ಚುಚ್ಚಿಸಿಕೊಂಡವರಿಗೆ ರಕ್ಷಣೆಯಿಲ್ಲದೆ ಹೋದರೆ, ರೋಗವು ಅಂಟುವ ಸಂಭವವು ನೂರಕ್ಕೆ 30ರ ವರೆಗೂ ಏರಬಲ್ಲದು. ಜನರು ಹೆಸರು ಕೇಳಿದೊಡನೆ ನಡುಗುವ ಏಡ್ಸ್ ರೋಗದ ವಿಷಯದಲ್ಲಿ ಅದೇ ಸಂಭವವು ಸಾವಿರಕ್ಕೆ 3 ಮಾತ್ರ. ಅದೂ ಅಲ್ಲದೆ ಮೇಜಿನ ಮೇಲೆ ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಸ್ಸು ಏಳು ದಿನಗಳವರೆಗಾದರೂ ಜೀವಿಸಿರಬಲ್ಲದು. ನುರಿತ ಕೈಯವರಿಗೇ ಇಷ್ಟು ಅಪಾಯವಿರಲಾಗಿ, ಇನ್ನೂ ಕೈ ಪಳಗದ ವಿದ್ಯಾರ್ಥಿಯ ಪಾಡು ಹೇಳಬೇಕಾದುದಿಲ್ಲ. ರಾತ್ರಿಯ ಪಾಳಿಯಲ್ಲಿ ನಿದ್ದೆಗೆಟ್ಟು, ಹಿರಿಯರ ಅವಸರದ ಆಜ್ಞೆಗೆ ಅಂಜಿ, ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗಿ ಚುಚ್ಚಿಕೊಳ್ಳುವವರು ಬಹುಮಟ್ಟಿಗೆ ಕಲಿಯುವವರೇ.

ಈ ಭಯವನ್ನು ನೀಗಿಸಿದ ಕೀರ್ತಿಯು ವಿಜ್ಞಾನದ್ದು. ಅಮೇರಿಕಾದ ಡಾಕ್ಟರ್ ಬರೂಖ್ ಬ್ಲಂಬರ್ಗರು 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಒಂದು ಅಪರಿಚಿತ ಪದಾರ್ಥವನ್ನು ಕಂಡರು. ಅದು ಈ ವೈರಸ್ಸಿನ ಹೊರಮೈಯ ಅಂಶವೆಂಬುದು ಅನಂತರ ಸಿದ್ಧವಾಯಿತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಜನ್ಮದಿನವಾದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. 1981ರಲ್ಲಿ ಮೊದಲ ಲಸಿಕೆಗೆ ಅಮೇರಿಕಾದಲ್ಲಿ ಅನುಮತಿ ದೊರೆಯಿತು. ಅದು ಮನುಷ್ಯರ ರಕ್ತದಿಂದ ತೆಗೆದದ್ದು. 1986ರಿಂದ ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಬೆಳೆಸಿದ ಲಸಿಕೆಯು ಬಂದು, ರಕ್ತದ ಗೊಡವೆಯೇ ತಪ್ಪಿತು. ಭಾರತದಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ಈ ಬಗೆಯ ಲಸಿಕೆಯನ್ನು ಸ್ವದೇಶದಲ್ಲಿಯೇ ತಯಾರಿಸಿ ಹೊರತಂದಿತು. ಲಸಿಕೆಯ ಫಲವೆಂತಹುದೆಂಬುದಕ್ಕೆ ಅಮೇರಿಕಾದ ಒಂದು ಲೆಕ್ಕವೇ ಸಾಕ್ಷಿ. ಅಲ್ಲಿ 1983ರಲ್ಲಿ ಆರೋಗ್ಯಸೇವೆಯವರೊಳಗೆ ಸುಮಾರು 17,000 ಜನರಿಗೆ ಈ ಸೋಂಕು ತಗಲಿತೆಂದು ಅಂದಾಜಾಗಿದ್ದುದು, 1995ರ ವೇಳೆಗೆ ಸುಮಾರು 400ಕ್ಕೆ ಇಳಿಯಿತು. ಲಸಿಕೆಯನ್ನು ಹಳಿಯುವವರು ಈ ಎರಡು ಅಂಕೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು.

ಆದರೆ ಲಸಿಕೆಯನ್ನು ಹಾಕಿಸಿಕೊಂಡುದು ಬೇರೆ, ರಕ್ಷಣೆಯು ದೊರೆತುದು ಬೇರೆ. ಹೊಲಕ್ಕೆ ಬೀಜವನ್ನು ಬಿತ್ತಿದವನು ಮೊಳಕೆ ಬಂದಿತೇ ಎಂದು ಹೋಗಿ ನೋಡದಿರುವನೇ? ಲಸಿಕೆಯು ರೋಗವನ್ನು ತಾನೇ ಕೊಲ್ಲುವ ಮದ್ದಲ್ಲ. ವೈರಸ್ಸಿನ ಹೊರಮೈಯ ಒಂದಂಶವನ್ನು ದೇಹಕ್ಕೆ ತೋರಿಸಿ, ವೈರಿಯ ಗುರುತು ಹೀಗಿರುವುದೆಂದು ಕಲಿಸುವ ಪಾಠವದು. ಪಾಠವನ್ನು ಕಲಿತ ದೇಹವು ಪ್ರತಿಕಾಯಗಳೆಂಬ ರಕ್ಷಕದ್ರವ್ಯವನ್ನು ಹುಟ್ಟಿಸಿಕೊಳ್ಳುವುದು. ಮೊದಲ ದಿನ ಒಂದು, ತಿಂಗಳ ಮೇಲೆ ಒಂದು, ಆರನೆಯ ತಿಂಗಳಲ್ಲಿ ಒಂದು, ಹೀಗೆ ಮೂರು ಸಲ ಲಸಿಕೆ ಹಾಕುವುದು ವಾಡಿಕೆ. ಕೊನೆಯದು ಮುಗಿದ ಒಂದೆರಡು ತಿಂಗಳಲ್ಲಿ ರಕ್ತವನ್ನು ಪರೀಕ್ಷಿಸಿ, ಒಂದು ಮಿಲಿಲೀಟರಿನಲ್ಲಿ ಪ್ರತಿಕಾಯಗಳ ಪ್ರಮಾಣವು 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ಟುಗಳಷ್ಟಾದರೂ ಇದ್ದರೆ ರಕ್ಷಣೆ ದೊರೆತಿದೆಯೆಂದು ವೈದ್ಯರು ನಿಶ್ಚಯಿಸುವರು. ಆರೋಗ್ಯವಂತರಾದ ತರುಣರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರು ಈ ಗೆರೆಯನ್ನು ದಾಟುವರು. ದಾಟದವರು ನೂರಕ್ಕೆ ಐದರಿಂದ ಹತ್ತು ಜನರೆಂದು ಇಟ್ಟುಕೊಂಡರೂ 150 ವಿದ್ಯಾರ್ಥಿಗಳ ಒಂದು ತರಗತಿಯಲ್ಲಿ ಏಳೆಂಟರಿಂದ ಹದಿನೈದು ಜನರಾಗುತ್ತಾರೆ. ಪರೀಕ್ಷೆಯೇ ನಡೆಯದಿದ್ದಲ್ಲಿ ಅವರಾರೆಂಬುದು ಅವರಿಗೂ ತಿಳಿಯದು, ಕಲಿಸುವವರಿಗೂ ತಿಳಿಯದು. ಮೂರು ಚುಚ್ಚುಮದ್ದುಗಳ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ತಮಗೆ ರಕ್ಷಣೆಯಿದೆಯೆಂಬ ನೆಚ್ಚಿಕೆಯಿಂದ ಅವರು ವಾರ್ಡುಗಳಲ್ಲಿ ಸಂಚರಿಸುತ್ತಿರುವರು. ಇರದ ಕವಚವನ್ನು ಇದೆಯೆಂದು ಭ್ರಮಿಸಿ ಯುದ್ಧಕ್ಕೆ ಹೋಗುವುದು, ಕವಚವಿಲ್ಲವೆಂದು ತಿಳಿದು ಎಚ್ಚರದಿಂದಿರುವುದಕ್ಕಿಂತ ನೂರುಪಾಲು ಅಪಾಯಕರವಾದುದು.

ಲಸಿಕೆಯು ಫಲಿಸದಿರಲು ಕಾರಣವೇನು? ಕಾರಣಗಳನ್ನು ಎರಡಾಗಿ ವಿಂಗಡಿಸಬಹುದು. ಮೊದಲನೆಯವು ಮನುಷ್ಯರ ಅಜಾಗರೂಕತೆಯಿಂದ ಬಂದವು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಹೆಪ್ಪುಗಟ್ಟಿಸಿದರೆ ಅದರ ಸತ್ವವೇ ಹಾಳಾಗುವುದು. ತೋಳಿನ ಮೇಲ್ಭಾಗದ ಮಾಂಸಖಂಡಕ್ಕೆ ಚುಚ್ಚಬೇಕು. ಪಿರ್ರೆಗೆ ಚುಚ್ಚಿದರೆ ಅದು ಕೊಬ್ಬಿನಲ್ಲಿಯೇ ನಿಂತು ಫಲವು ಕುಂದುವುದು. ಮೂರನೆಯ ಸಲದ್ದನ್ನು ಮರೆತುಬಿಡುವವರಂತೂ ಅನೇಕರು. ಎರಡನೆಯವು ದೇಹಕ್ಕೆ ಸೇರಿದ ಕಾರಣಗಳು. ವಯಸ್ಸು 40 ದಾಟಿದವರಲ್ಲಿಯೂ, ಸ್ಥೂಲಕಾಯರಲ್ಲಿಯೂ, ಹೊಗೆಬತ್ತಿ ಸೇದುವವರಲ್ಲಿಯೂ, ಸಿಹಿಮೂತ್ರರೋಗ, ಮೂತ್ರಪಿಂಡದ ರೋಗಗಳುಳ್ಳವರಲ್ಲಿಯೂ ಫಲವು ಕಡಿಮೆ; ಹೆಂಗಸರಿಗಿಂತ ಗಂಡಸರಲ್ಲಿ ತುಸು ಕಡಿಮೆ. ಇವಾವುವೂ ಇಲ್ಲದ ಗಟ್ಟಿಮುಟ್ಟಾದ ಹದಿನೆಂಟರ ಪ್ರಾಯದವರಲ್ಲಿಯೂ ಕೆಲವರಿಗೆ ಫಲಿಸದು. ಪರಪದಾರ್ಥದ ತುಣುಕನ್ನು ಹಿಡಿದು ರಕ್ಷಕಕಣಗಳಿಗೆ ತೋರಿಸುವ ಒಂದು ವ್ಯವಸ್ಥೆಯು ನಮ್ಮ ಜೀವಕಣಗಳಲ್ಲಿರುವುದು. ಆ ವ್ಯವಸ್ಥೆಯ ಮಾದರಿಯು ತಾಯಿತಂದೆಗಳಿಂದ ಬಂದದ್ದು. ಕೆಲವು ಮಾದರಿಗಳು ಈ ಒಂದು ತುಣುಕನ್ನು ಸರಿಯಾಗಿ ಹಿಡಿಯಲಾರವು. ಅಂತಹವನ ದೇಹವು ಬೇರೆ ರೋಗಗಳ ಲಸಿಕೆಗಳಿಗೆ ಚೆನ್ನಾಗಿಯೇ ಒಲಿಯಬಹುದು. ಕಣ್ಣಿನ ಬಣ್ಣದಂತೆ ಹುಟ್ಟಿನೊಡನೆ ಬಂದ ಗುಣವಿದು. ನಿಶ್ಶಕ್ತಿಯ ಲಕ್ಷಣವಲ್ಲ, ನಡತೆಯ ದೋಷವಂತೂ ಅಲ್ಲವೇ ಅಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕಾಗಿದೆ. ಒಂದನೆಯದು, ಪ್ರಮಾಣವು ಕಾಲಕ್ರಮದಲ್ಲಿ ಇಳಿದವರನ್ನೂ, ಎಂದೂ ಏರದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು. ಒಮ್ಮೆ 10ನ್ನು ದಾಟಿದವರ ಪ್ರಮಾಣವು ವರುಷಗಳು ಕಳೆದಂತೆ ಇಳಿದರೂ, ದೇಹವು ಕಲಿತ ಪಾಠವನ್ನು ಮರೆಯುವುದಿಲ್ಲ. ವೈರಿಯು ಬಂದೊಡನೆ ಮತ್ತೆ ಎಚ್ಚರಗೊಳ್ಳುವುದು. ಆರೋಗ್ಯವಂತರಾದ ಅಂತಹವರಿಗೆ ಭಯವಿಲ್ಲ. ಈ ಭೇದವು ನಮ್ಮ ಕರ್ನಾಟಕಕ್ಕೆ ಇನ್ನು ಮುಂದೆ ಬಹು ಮುಖ್ಯವಾಗತಕ್ಕದ್ದು. ಶಿಶುಗಳಿಗೆ ಈ ಲಸಿಕೆಯನ್ನು ಹಾಕುವ ಸರಕಾರದ ಏರ್ಪಾಡು 2002-03ರಲ್ಲಿ ಕೆಲವು ಊರುಗಳಲ್ಲಿ ಮೊದಲಾಗಿ, 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ ಹಬ್ಬಿ, 2011ರಲ್ಲಿ ದೇಶಕ್ಕೆಲ್ಲ ವ್ಯಾಪಿಸಿತು. ಆ ಶಿಶುಗಳೇ ಬೆಳೆದು ಕಾಲೇಜಿನ ಬಾಗಿಲಿಗೆ ಬರುವ ಕಾಲವಿದು. ಹದಿನೆಂಟನೆಯ ವಯಸ್ಸಿನಲ್ಲಿ ಅವರ ರಕ್ತವನ್ನು ಅಳೆದರೆ ಅನೇಕರಲ್ಲಿ ಪ್ರಮಾಣವು 10ಕ್ಕಿಂತ ಕೆಳಗಿರುವುದು ಸಹಜ. ಅಷ್ಟರಿಂದಲೇ ಅವರನ್ನು ಲಸಿಕೆ ಫಲಿಸದವರೆಂದು ಎಣಿಸಲಾಗದು. ಇನ್ನೊಂದು ಸಲ ಲಸಿಕೆ ಹಾಕಿ ಒಂದೆರಡು ತಿಂಗಳಲ್ಲಿ ಮತ್ತೆ ಅಳೆದರೆ, ಹಳೆಯ ಪಾಠವು ನೆನಪಿನಲ್ಲಿದ್ದವರ ಪ್ರಮಾಣವು ಮೇಲಕ್ಕೇರುವುದು. ಏರದವರಿಗೆ ಉಳಿದೆರಡು ಸಲಗಳನ್ನು ಪೂರೈಸಿ ಮತ್ತೊಮ್ಮೆ ನೋಡತಕ್ಕದ್ದು.

ಎರಡನೆಯ ತಪ್ಪು ಇದಕ್ಕಿಂತ ಗಂಭೀರವಾದುದು. ಲಸಿಕೆಯು ಫಲಿಸದವರಲ್ಲಿ ಕೆಲವರಿಗೆ ಆ ವೈರಸ್ಸೇ ಮೊದಲಿನಿಂದ ದೇಹದಲ್ಲಿ ನೆಲೆಸಿರುವುದುಂಟು. ಮನೆಯೊಳಗೆ ಸೇರಿಕೊಂಡ ಕಳ್ಳನಿಗೆ ಬಾಗಿಲ ಬೀಗವು ಏನು ಮಾಡಬಲ್ಲುದು? ಆದುದರಿಂದ ಪ್ರಮಾಣವು ಏರದವರ ರಕ್ತದಲ್ಲಿ ವೈರಸ್ಸಿನ ಗುರುತುಗಳು ಇವೆಯೇ ಎಂದು ಪರೀಕ್ಷಿಸದೆ ಸುಮ್ಮನೆ ಲಸಿಕೆಯ ಮೇಲೆ ಲಸಿಕೆಯನ್ನು ಹಾಕುತ್ತ ಹೋಗುವುದು ಯುಕ್ತವಲ್ಲ. ಸೋಂಕಿರುವುದು ತಿಳಿದರೆ ಅದು ಜೀವನದ ಕೊನೆಯಲ್ಲ. ವೈರಸ್ಸನ್ನು ಅಡಗಿಸಿಡುವ ಗುಳಿಗೆಗಳು ಇಂದು ಉಂಟು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಗೂ ಔಷಧಕ್ಕೂ ಉಚಿತ ಏರ್ಪಾಡಿದೆ. ಬೇಗನೆ ತಿಳಿದವನು ಬಹುಕಾಲ ಬಾಳುವನು.

ಸೋಂಕಿಲ್ಲದೆ ಲಸಿಕೆ ಮಾತ್ರ ಫಲಿಸದಿದ್ದವರಿಗೆ ಮಾಡತಕ್ಕ ಕ್ರಮವು ಸ್ಪಷ್ಟವಾಗಿದೆ. ಅವರಿಗೆ ಮತ್ತೆ ಮೂರು ಸಲ ಲಸಿಕೆಯನ್ನು ಹಾಕಬೇಕು. ಮೊದಲು ಫಲಿಸದವರಲ್ಲಿ ಬಹುಮಂದಿಗೆ ಎರಡನೆಯ ಸುತ್ತಿನಲ್ಲಿ ಫಲಿಸುವುದುಂಟು. ಆ ಸುತ್ತಿನ ಮೇಲೆಯೂ ಪ್ರಮಾಣವು 10ನ್ನು ಮುಟ್ಟದಿದ್ದರೆ, ಅಂದರೆ ಆರು ಸಲವೂ ವಿಫಲವಾದರೆ, ಆಗಲೇ ಅವರನ್ನು ನಿಜವಾಗಿ ಲಸಿಕೆಗೆ ಒಲಿಯದ ದೇಹದವರೆಂದು ಎಣಿಸುವುದು. ಅಂತಹವರಿಗೆ ಇಮ್ಮಡಿ ಪ್ರಮಾಣದ ಲಸಿಕೆಯನ್ನು ಕೊಡುವುದು, ಚರ್ಮದ ಪದರದೊಳಗೆ ಚುಚ್ಚುವುದು ಮುಂತಾದ ಉಪಾಯಗಳನ್ನೂ ವೈದ್ಯರು ಪ್ರಯೋಗಿಸಿರುವರು. 2017ರಲ್ಲಿ ಅಮೇರಿಕಾದಲ್ಲಿ ಅನುಮತಿ ಪಡೆದ ಹೆಪ್ಲಿಸಾವ್ ಎಂಬ, ಎರಡೇ ಸಲ ಹಾಕುವ ಲಸಿಕೆಯಲ್ಲಿ ದೇಹವನ್ನು ಹೆಚ್ಚಾಗಿ ಎಚ್ಚರಿಸುವ ಬೇರೊಂದು ದ್ರವ್ಯವನ್ನು ಬೆರೆಸಿರುವುದರಿಂದ ಅದರ ಫಲವು ಮೇಲಾಗಿ ಕಂಡಿದೆ. ಇಷ್ಟಾದರೂ ಫಲಿಸದವರು ಕೆಲವರು ಉಳಿದೇ ಉಳಿಯುವರು.

ಉಳಿದವರಿಗೆ ಗತಿಯೇನು? ಅವರಿಗೂ ಆಸರೆಯುಂಟು, ಆದರೆ ಅದು ಸಮಯಕ್ಕೆ ಕಟ್ಟುಬಿದ್ದ ಆಸರೆ. ದೇಹವು ತಾನೇ ಹುಟ್ಟಿಸಿಕೊಳ್ಳಲಾರದ ಪ್ರತಿಕಾಯಗಳನ್ನು ಬೇರೆಯವರ ರಕ್ತದಿಂದ ತೆಗೆದು ಶುದ್ಧಿಮಾಡಿದ ಇಮ್ಯೂನೋಗ್ಲಾಬ್ಯುಲಿನ್ ಎಂಬ ಔಷಧವುಂಟು. ಸೋಂಕುಳ್ಳ ರಕ್ತದ ಸೂಜಿ ಚುಚ್ಚಿದರೆ ಅದನ್ನು ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಗಳೊಳಗೆ ಕೊಡತಕ್ಕದ್ದು. ಏಳು ದಿನಗಳು ಕಳೆದ ಮೇಲೆ ಅದರಿಂದ ಪ್ರಯೋಜನವನ್ನು ನೆಚ್ಚುವಂತಿಲ್ಲ. ಒಂದು ಸುತ್ತು ಮಾತ್ರ ವಿಫಲವಾದವರಿಗೆ ಅದನ್ನು ಒಮ್ಮೆ ಕೊಟ್ಟು ಎರಡನೆಯ ಸುತ್ತನ್ನು ಆರಂಭಿಸುವರು; ಎರಡು ಸುತ್ತುಗಳೂ ವಿಫಲವಾದವರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೊಡುವರು. ಇದು ಅಗ್ಗದ ಔಷಧವಲ್ಲ, ಎಲ್ಲ ಊರುಗಳಲ್ಲಿ ಕೈಗೆಟಕುವುದೂ ಅಲ್ಲ.

ಒಬ್ಬ ದಾದಿ ವಿದ್ಯಾರ್ಥಿನಿಯನ್ನು ಭಾವಿಸಿಕೊಳ್ಳಬಹುದು. ಶನಿವಾರ ರಾತ್ರಿ ಅವಳ ಬೆರಳಿಗೆ ಸೂಜಿ ಚುಚ್ಚಿತು. ತನಗೆ ಲಸಿಕೆ ಫಲಿಸಿಲ್ಲವೆಂದು ಅವಳಿಗೆ ಗೊತ್ತಿದ್ದರೆ, ಗಾಯವನ್ನು ಹಿಂಡದೆ, ಬಾಯಲ್ಲಿಡದೆ, ಸಾಬೂನು ನೀರಿನಿಂದ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸುವಳು. ರಾತ್ರಿಯೇ ರೋಗಿಯ ರಕ್ತಪರೀಕ್ಷೆಯಾಗುವುದು, ಬೆಳಗಾಗುವಷ್ಟರಲ್ಲಿ ಔಷಧವು ದೇಹವನ್ನು ಸೇರುವುದು. ಗೊತ್ತಿಲ್ಲದಿದ್ದರೆ ‘ಮೂರೂ ಆಗಿವೆಯಲ್ಲ’ ಎಂದು ಬೆರಳಿಗೆ ಪಟ್ಟಿ ಸುತ್ತಿಕೊಂಡು ಮುಂದಿನ ಹಾಸಿಗೆಗೆ ನಡೆಯುವಳು. ಗೊತ್ತಿದ್ದೂ ಹೇಳಲು ಅಂಜಿದರೆ? ಆಗಲೂ ಅಪಾಯವು ಅಷ್ಟೇ. ಅರಿವಿಲ್ಲದಿರುವುದನ್ನು ಒಂದು ರಕ್ತಪರೀಕ್ಷೆಯಿಂದ ನೀಗಿಸಬಹುದು. ಅಂಜಿಕೆಯನ್ನು ನೀಗಿಸುವುದು ಸುತ್ತಲಿನವರ ಕೆಲಸ.

ಈ ಅಂಜಿಕೆಯು ಎಲ್ಲಿಂದ ಹುಟ್ಟುವುದು? ಲಸಿಕೆ ಫಲಿಸಲಿಲ್ಲವೆಂಬ ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಷ್ಟರಲ್ಲಿ ‘ರೋಗವಿದೆಯಂತೆ’ ಎಂಬ ಮಾತಾಗುವುದು. ಹಾಸ್ಟೆಲಿನಲ್ಲಿ ಗೆಳತಿಯರು ತಟ್ಟೆಯನ್ನು ದೂರ ಸರಿಸುವರು. ಊರಿನಲ್ಲಿ ನೆಂಟಸ್ತಿಕೆಯ ಮಾತು ನಿಂತುಹೋಗುವುದು. ತಾಯಿತಂದೆಗಳು ಹೆದರಿ ‘ಓದು ಸಾಕು, ಮನೆಗೆ ಬಾ’ ಎನ್ನುವರು. ಇವೆಲ್ಲವೂ ಅಜ್ಞಾನದ ಫಲಗಳೇ. ಲಸಿಕೆ ಫಲಿಸದ ವಿದ್ಯಾರ್ಥಿಯು ರೋಗಿಯಲ್ಲ. ಅವನಿಂದ ಯಾರಿಗೂ ಏನೂ ಅಂಟುವುದಿಲ್ಲ. ಅಪಾಯವಿರುವುದು ಅವನಿಗೆ, ಅವನಿಂದಲ್ಲ. ಸೋಂಕೇ ಇರುವವರ ವಿಷಯದಲ್ಲಿಯೂ ಅಮೇರಿಕಾದ ರೋಗನಿಯಂತ್ರಣ ಕೇಂದ್ರವು 2012ರಲ್ಲಿ ಕೊಟ್ಟ ಸಲಹೆಯೇನೆಂದರೆ, ಆ ಒಂದೇ ಕಾರಣದಿಂದ ಯಾರನ್ನೂ ವೈದ್ಯವಿದ್ಯೆಯಿಂದ ಹೊರಗಿಡಲಾಗದು. ರಕ್ತದಲ್ಲಿ ವೈರಸ್ಸಿನ ಪ್ರಮಾಣವನ್ನು ತಕ್ಕಂತೆ ನೋಡಿಕೊಳ್ಳುತ್ತ, ಕೆಲವು ವಿಶೇಷ ಶಸ್ತ್ರಕ್ರಿಯೆಗಳಲ್ಲಿ ಮಾತ್ರ ಎಚ್ಚರವಹಿಸಿದರೆ ಸಾಕು. ಸೋಂಕುಳ್ಳವರಿಗೇ ಬಾಗಿಲು ತೆರೆದಿರುವಾಗ ಸೋಂಕಿಲ್ಲದವರಿಗೆ ಅದನ್ನು ಮುಚ್ಚುವುದು ಎಂತಹ ನ್ಯಾಯವಾದೀತು?

ವಿದ್ಯಾಸಂಸ್ಥೆಗಳ ಹೊಣೆಯು ಇದರಲ್ಲಿ ಮೊದಲನೆಯದು. ಭಾರತ ಸರಕಾರದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯವರು ತಮ್ಮ ಕೆಲಸಗಾರರಿಗೆ ಈ ಲಸಿಕೆಯನ್ನು ಹಾಕಿಸುವುದು ಕಡ್ಡಾಯ. ಸೂಜಿಗಳನ್ನು ಚುಚ್ಚಿ ಹರಿಯದ ಗಟ್ಟಿ ಬಿಳಿಯ ಡಬ್ಬಿಯಲ್ಲಿಯೇ ಹಾಕತಕ್ಕದ್ದು. ನಿಯಮದ ಅಕ್ಷರವು ಇಷ್ಟು. ಅದರ ಉದ್ದೇಶವು ಈಡೇರಬೇಕಾದರೆ ಸಂಸ್ಥೆಯು ಇನ್ನೂ ನಾಲ್ಕು ಹೆಜ್ಜೆ ಮುಂದಿಡಬೇಕು. ವಾರ್ಡಿಗೆ ಕಳುಹಿಸುವ ಮೊದಲೇ ವಿದ್ಯಾರ್ಥಿಯ ಲಸಿಕೆಯನ್ನು ಪೂರೈಸಬೇಕು. ಒಂದೆರಡು ತಿಂಗಳಲ್ಲಿ ಸಂಸ್ಥೆಯ ಖರ್ಚಿನಿಂದಲೇ ರಕ್ತವನ್ನು ಅಳೆಸಬೇಕು. ಬಡವರ ಮಕ್ಕಳಿಗೆ ಆ ಪರೀಕ್ಷೆಯ ಹಣವೂ ಭಾರವಾಗುವುದುಂಟು. ಫಲಿತಾಂಶವನ್ನು ವಿದ್ಯಾರ್ಥಿಗೆ ಏಕಾಂತದಲ್ಲಿ ತಿಳಿಸಿ, ಬರಹದಲ್ಲಿ ಕೊಟ್ಟು, ಗುಟ್ಟಾಗಿ ಕಾಪಾಡಬೇಕು; ಗೋಡೆಯ ಮೇಲೆ ಪಟ್ಟಿ ಅಂಟಿಸುವುದು ಸಲ್ಲದು. ಸೂಜಿ ಚುಚ್ಚಿದಾಗ ರಾತ್ರಿಯಾಗಲಿ ಹಗಲಾಗಲಿ ಯಾರಲ್ಲಿಗೆ ಹೋಗಬೇಕು, ಔಷಧವು ಎಲ್ಲಿದೆ ಎಂಬುದನ್ನು ಮೊದಲನೆಯ ದಿನವೇ ಕಲಿಸಬೇಕು. ಚುಚ್ಚಿಸಿಕೊಂಡು ಬಂದವರನ್ನು ಗದರಿಸಬಾರದು. ಒಮ್ಮೆ ಗದರಿಸಿದರೆ ಮುಂದೆ ಹತ್ತು ಜನರು ಗಾಯವನ್ನು ಮುಚ್ಚಿಡುವರು.

ಜೊತೆಗಾರರ ಹೊಣೆಯೂ ಉಂಟು. ಸೂಜಿಯನ್ನು ಕಂಡಲ್ಲಿ ಬಿಡದಿರುವುದು, ಉಪಯೋಗಿಸಿದ ಮೇಲೆ ಮುಚ್ಚಳ ಹಾಕದಿರುವುದು, ರಕ್ತ ಚೆಲ್ಲಿದರೆ ಕೂಡಲೇ ಶುದ್ಧಿಮಾಡುವುದು, ಇವು ಪ್ರತಿಯೊಬ್ಬರೂ ಪ್ರತಿಯೊಂದು ರೋಗಿಯ ವಿಷಯದಲ್ಲಿಯೂ ಪಾಲಿಸತಕ್ಕ ನಿಯಮಗಳು. ಒಬ್ಬನ ಅಜಾಗರೂಕತೆಯಿಂದ ಹಾಸಿಗೆಯ ಬಟ್ಟೆಯಲ್ಲಿ ಉಳಿದ ಸೂಜಿಯು, ರಕ್ಷಣೆಯಿಲ್ಲದ ಇನ್ನೊಬ್ಬನ ಕೈಯನ್ನು ಹುಡುಕಿಕೊಂಡು ಹೋಗುವುದು. ಅದನ್ನು ಒಗೆಯಲು ಕೊಂಡೊಯ್ಯುವ ಆಳಿನ ಕೈಯನ್ನೂ ಬಿಡದು. ಹಾಗೆಯೇ ಊರಿನ ಶಿಶುಗಳಿಗೆಲ್ಲ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ದೊರೆತರೆ, ಮುಂದಿನ ತಲೆಮಾರಿನಲ್ಲಿ ಈ ವೈರಸ್ಸನ್ನು ಹೊತ್ತ ರೋಗಿಗಳೇ ವಿರಳರಾಗುವರು. ಲಸಿಕೆಯು ಫಲಿಸಿದವರು ಹೀಗೆ ಫಲಿಸದವರಿಗೆ ಬೇಲಿಯಾಗಿ ನಿಲ್ಲುವರು. ತನಗೆ ಬಂದ ರಕ್ಷಣೆಯು ತನ್ನೊಬ್ಬನ ಸ್ವತ್ತಲ್ಲ, ಬಾರದವನಿಗೂ ಅದರಲ್ಲಿ ಪಾಲುಂಟೆಂಬುದು ದಾಸೋಹವನ್ನು ಬಲ್ಲ ಜನರಿಗೆ ಹೊಸ ಮಾತಲ್ಲ.

ಕೊನೆಯದಾಗಿ ಮನೆಯವರ ಹೊಣೆ. ಮಕ್ಕಳನ್ನು ಈ ವಿದ್ಯೆಗೆ ಕಳುಹಿಸಿದ ತಾಯಿತಂದೆಗಳು ‘ಲಸಿಕೆ ಹಾಕಿಸಿಕೊಂಡೆಯಾ?’ ಎಂದು ಕೇಳಿ ಸುಮ್ಮನಾಗಬಾರದು, ‘ಅಳೆಸಿ ನೋಡಿದೆಯಾ?’ ಎಂದೂ ಕೇಳತಕ್ಕದ್ದು. ಫಲಿಸಲಿಲ್ಲವೆಂದು ಮಗಳು ಬರೆದರೆ ಎದೆಯೊಡೆದುಕೊಳ್ಳದೆ, ಮುಂದಿನ ಸುತ್ತು ಎಂದು ಎಂದು ವಿಚಾರಿಸಬೇಕು. ಆರು ಸಲವೂ ಫಲಿಸಲಿಲ್ಲವೆಂದರೂ ‘ಎಚ್ಚರದಿಂದ ಕೆಲಸಮಾಡು, ಚುಚ್ಚಿದರೆ ಮುಚ್ಚಿಡಬೇಡ’ ಎಂದು ಧೈರ್ಯ ಹೇಳಬೇಕು. ಅಂತಹ ಧೈರ್ಯದ ಮಾತನ್ನು ಕೇಳಿ ಬೆಳೆದ ವಿದ್ಯಾರ್ಥಿಯು ರಾತ್ರಿಯ ಪಾಳಿಯಲ್ಲಿ ಗಾಯವನ್ನು ಅಡಗಿಸಲಾರನು. ಪರರ ನೋವಿಗೆ ಕೈಯೊಡ್ಡುವ ಈ ಮಕ್ಕಳ ಕೈಗಳನ್ನು ಕಾಯುವುದು, ಅವರಿಂದ ಸೇವೆಯನ್ನು ಪಡೆಯುವ ಸಮಾಜವು ತೀರಿಸಬೇಕಾದ ಋಣವೆಂದು ಬಗೆದು, ಮಠಗಳೂ ವಿದ್ಯಾಸಂಸ್ಥೆಗಳೂ ಭಕ್ತರೂ ಈ ಕಾರ್ಯದಲ್ಲಿ ಪ್ರವೃತ್ತರಾಗಲಿ. ಎಲ್ಲರಿಗೂ ಆರೋಗ್ಯಭಾಗ್ಯವು ದೊರೆಯಲಿ.

ಶುಭಂ.